ಬೆಳಗಿನ ಸಿಹಿ ತಿಂಡಿ ಮಾಡಿ ಫ್ರೀಜರ್‌ನಲ್ಲಿ ಇಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಚಿಕ್ಕಮಗಳೂರಿನಲ್ಲಿ. ಮಕ್ಕಳ ಸ್ಕೂಲ್ ಬಸ್ ಬೆಳಿಗ್ಗೆ ಏಳೂಕಾಲಿಗೆ ಬಂದುಬಿಡುತ್ತದೆ. ನನ್ನ ತವರು ಮೂಡಿಗೆರೆ ಕಡೆಯ ತೋಟದ ಮನೆ. ಅಲ್ಲಿ ಬೆಳಿಗ್ಗೆ ಕಡುಬು, ಒತ್ತು ಶಾವಿಗೆ ಅಂದರೆ ಒಬ್ಬರು ಕಾಯಿ ತುರಿಯುತ್ತಿದ್ದರು, ಒಬ್ಬರು ಒತ್ತುತ್ತಿದ್ದರು, ಇನ್ನೊಬ್ಬರು ಒಲೆ ನೋಡುತ್ತಿದ್ದರು. ಇಲ್ಲಿ ಎಲ್ಲಕ್ಕೂ ನಾನೊಬ್ಬಳೇ. ಆದರೂ ಆ ತಿಂಡಿಗಳು ಮಕ್ಕಳ ಬಾಯಿಂದ ತಪ್ಪಿಹೋಗಬಾರದು ಅಂತ ಆಸೆ. ಹಾಗಾಗಿ ಆರು ವರ್ಷದಿಂದ ಭಾನುವಾರ ಮಾಡಿ ಫ್ರೀಜರ್‌ನಲ್ಲಿ ಇಟ್ಟು, ವಾರದ ದಿನ ಬಿಸಿ ಮಾಡಿ ಬಡಿಸುತ್ತಿದ್ದೇನೆ. ಓರಗಿತ್ತಿ, ಅಕ್ಕಪಕ್ಕದವರು, ಮಕ್ಕಳ ಸ್ನೇಹಿತರ ಅಮ್ಮಂದಿರು ಕೇಳುತ್ತಲೇ ಇರುವ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ಇದು ತಂಗಳು ಅಲ್ವಾ?

ಈ ಪ್ರಶ್ನೆ ಮೊದಲು ಕೇಳಿದ್ದು ನಮ್ಮ ಅತ್ತೆ. "ಮಕ್ಕಳಿಗೆ ತಂಗಳು ಕೊಡ್ತೀಯಾ?" ಅಂದಾಗ ನನಗೆ ಬೇಜಾರಾಗಿತ್ತು. ಆದರೆ ಅವರು ಕೇಳಿದ್ದು ಸರಿಯಾದ ಪ್ರಶ್ನೆಯೇ. ರಾತ್ರಿಯೆಲ್ಲ ಅಡುಗೆಮನೆಯಲ್ಲಿ ಮುಚ್ಚಿಟ್ಟ ಅನ್ನ, ಕಡುಬು ಹೊಟ್ಟೆ ಕೆಡಿಸುತ್ತದೆ ಎಂದು ಹಿರಿಯರು ಹೇಳುವುದರಲ್ಲಿ ನಿಜ ಇದೆ. ಅಕ್ಕಿಯಲ್ಲಿ ಇರುವ ಒಂದು ಜಾತಿಯ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಸಿದರೂ ಸಾಯುವುದಿಲ್ಲ. ಬೆಂದ ತಿಂಡಿ ಬೆಚ್ಚಗೆ ಹೊರಗೆ ಇದ್ದಷ್ಟು ಹೊತ್ತು ಅವು ಬೆಳೆಯುತ್ತವೆ, ವಾಂತಿ ತರಿಸುವ ವಿಷ ಬಿಡುತ್ತವೆ. ಆಮೇಲೆ ಎಷ್ಟು ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ.

ಫ್ರೀಜರ್‌ನಲ್ಲಿ, ಅಂದರೆ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಇವು ಬೆಳೆಯುವುದಿಲ್ಲ. ಸಾಯುವುದೂ ಇಲ್ಲ, ಸುಮ್ನೆ ಮಲಗಿರುತ್ತವೆ ಅಷ್ಟೆ. ಹಾಗಾಗಿ ಒಳಗೆ ಹೇಗೆ ಹೋಯಿತೋ ಹಾಗೇ ಹೊರಗೆ ಬರುತ್ತದೆ. ತಾಜಾ ಇಟ್ಟರೆ ತಾಜಾ, ಹಳಸುವ ಹೊತ್ತಿಗೆ ಇಟ್ಟರೆ ಹಳಸಿದ್ದು.

ಆದ್ದರಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ತಿಂಡಿ ಮಾಡಿದ ಕೂಡಲೇ ಫ್ರೀಜರ್‌ನ ಪಾಲನ್ನು ಮೊದಲು ಬೇರೆ ತಟ್ಟೆಗೆ ತೆಗೆಯುತ್ತೇನೆ. ಆಮೇಲೆ ಎಲ್ಲರಿಗೂ ಬಡಿಸುತ್ತೇನೆ. ಎಲ್ಲರೂ ತಿಂದು, ಮೇಜಿನ ಮೇಲೆ ಮಧ್ಯಾಹ್ನದವರೆಗೂ ಕೂತು, ಹತ್ತು ಕೈ ಮುಟ್ಟಿ ಉಳಿದದ್ದು ಫ್ರೀಜರ್‌ಗೆ ಹೋಗುವುದಿಲ್ಲ. ಇದೊಂದು ನಿಮಗೆ ಅಭ್ಯಾಸವಾದರೆ ಮುಂದೆ ಬರುವ ಅರ್ಧ ತೊಂದರೆಗಳು ಇರುವುದೇ ಇಲ್ಲ.

ಹಬ್ಬದ ನೈವೇದ್ಯಕ್ಕೆ ಮಾತ್ರ ಅತ್ತೆ ಫ್ರೀಜರ್‌ನದ್ದು ಇಡುವುದಿಲ್ಲ, ನಾನೂ ಇಡುವುದಿಲ್ಲ. ಅದು ಅವತ್ತೇ ಮಡಿಯಲ್ಲಿ ಆಗಬೇಕು. ಆದರೆ ವಾರದ ದಿನ "ಇವತ್ತು ಕಡುಬು ಇದೆಯಾ?" ಅಂತ ಮೊದಲು ಕೇಳುವವರು ಈಗ ಅವರೇ.

ಯಾವ ತಿಂಡಿ ಚೆನ್ನಾಗಿ ಉಳಿಯುತ್ತದೆ, ಯಾವುದು ಕೆಡುತ್ತದೆ?

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಉಳಿಯುವುದು ಒಬ್ಬಟ್ಟು. ಬೇಳೆ ಒಬ್ಬಟ್ಟು, ಕಾಯಿ ಒಬ್ಬಟ್ಟು ಎರಡೂ. ಆಮೇಲೆ ಗೋಧಿಹಿಟ್ಟಿನ ಬೆಲ್ಲದ ದೋಸೆ, ಹಲಸಿನ ಹಣ್ಣಿನ ಕಡುಬು, ಸೌತೆಕಾಯಿ ಸಿಹಿ ಕಡುಬು, ಕಾಯಿಬೆಲ್ಲ ತುಂಬಿದ ಕಡುಬು, ಕೇಸರಿಬಾತ್. ಕೇಸರಿಬಾತಿಗೆ ತುಪ್ಪ ಧಾರಾಳವಾಗಿ ಇರುವುದರಿಂದ ಒಣಗುವುದಿಲ್ಲ. ಬಿಸಿ ಮಾಡುವಾಗ ಎರಡು ಚಮಚ ಹಾಲು ಚಿಮುಕಿಸಿದರೆ ಮತ್ತೆ ಉದುರಾಗುತ್ತದೆ. ಸಿಹಿ ಹುಗ್ಗಿ ಪರವಾಗಿಲ್ಲ, ಆದರೆ ಹಾಕುವ ನೀರು ಸ್ವಲ್ಪ ಜಾಸ್ತಿ ಇರಲಿ.

ಕೆಡುವುದು ಹಾಲು, ಕಾಯಿಹಾಲು ಹಾಕಿದ್ದು. ಪಾಯಸ ಒಡೆದಂತೆ ಆಗುತ್ತದೆ. ಬಾಳೆಹಣ್ಣಿನ ರಸಾಯನ ಕಪ್ಪಾಗಿ ನೀರು ಬಿಡುತ್ತದೆ. ಸಿಹಿ ಅವಲಕ್ಕಿಯನ್ನು ಇಡಬಹುದಾ ಅಂತಲೂ ಕೆಲವರು ಕೇಳುತ್ತಾರೆ. ಅವಲಕ್ಕಿ ತೊಳೆದು ಬೆಲ್ಲ ಕಾಯಿ ಕಲಸುವುದಕ್ಕೆ ಐದು ನಿಮಿಷ ಸಾಕಲ್ಲ, ಅದಕ್ಕೆ ಫ್ರೀಜರ್ ಜಾಗ ಯಾಕೆ?

ನಮ್ಮದು ಒಂದೇ ಬಾಗಿಲಿನ ಫ್ರಿಜ್. ಆಗುತ್ತದಾ?

ಆಗುತ್ತದೆ, ಆದರೆ ಕಡಿಮೆ ದಿನಕ್ಕೆ. ಒಂದೇ ಬಾಗಿಲಿನ ಫ್ರಿಜ್‌ನಲ್ಲಿ ಮೇಲಿನ ಐಸ್ ಪೆಟ್ಟಿಗೆ ಬಾಗಿಲು ತೆಗೆದಾಗಲೆಲ್ಲ ಹೊರಗಿನ ಗಾಳಿಗೆ ಸಿಗುತ್ತದೆ. ಮೈನಸ್ 18 ಯಾವಾಗಲೂ ನಿಲ್ಲುವುದಿಲ್ಲ. ಅದರಲ್ಲಿ ಇಟ್ಟದ್ದನ್ನು ಹತ್ತು ದಿನದೊಳಗೆ ಮುಗಿಸಿ. ಒಳಗಿನ ಗೋಡೆಗೆ ಬೆರಳು ದಪ್ಪ ಐಸ್ ಕಟ್ಟಿದ್ದರೆ ಮೊದಲು ಅದನ್ನು ಕರಗಿಸಿ, ಒರೆಸಿ. ಅಷ್ಟು ಐಸ್ ಇದ್ದರೆ ತಂಪು ತಿಂಡಿಗೆ ಸರಿಯಾಗಿ ತಾಗುವುದಿಲ್ಲ.

ಎರಡು ಬಾಗಿಲಿನದ್ದರಲ್ಲಿ ಫ್ರೀಜರ್ ಬೇರೆಯೇ ಇರುವುದರಿಂದ ಒಂದು ತಿಂಗಳು ನಿಶ್ಚಿಂತೆ. ಫ್ರೀಜರ್‌ನಲ್ಲಿ ಇಡುವ ಚಿಕ್ಕ ಥರ್ಮಾಮೀಟರ್ ಅಂಗಡಿಯಲ್ಲಿ ಸಿಗುತ್ತದೆ. ಒಂದು ತಂದಿಟ್ಟರೆ ಊಹೆ ಮಾಡುವ ಕೆಲಸ ಇಲ್ಲ. ಇನ್ನೊಂದು ಮಾತು. ಫ್ರಿಜ್ ಮುಂದೆ ಅಂಟಿಸಿದ ಕರೆಂಟ್ ಉಳಿತಾಯದ ಸ್ಟಾರ್ ನೋಡಿ ಫ್ರೀಜರ್ ಎಷ್ಟು ತಂಪು ಅಂತ ತಿಳಿಯಬೇಡಿ. ಅದು ಬೇರೆ ಲೆಕ್ಕ.

ಕಡುಬನ್ನು ಫ್ರಿಜ್‌ನಲ್ಲಿ ಇಟ್ಟರೆ ಮಾರನೇ ದಿನ ಕಲ್ಲಾಗುತ್ತದೆ. ಫ್ರೀಜರ್‌ನಲ್ಲಿ ಇನ್ನೂ ಗಟ್ಟಿ ಆಗುವುದಿಲ್ವಾ?

ಎಲ್ಲರಿಗೂ ಹೀಗೇ ಅನಿಸುತ್ತದೆ. ನಡೆಯುವುದು ಉಲ್ಟಾ. ಅಕ್ಕಿ ಬೇಯುವಾಗ ಅದರೊಳಗಿನ ಗಂಜಿ, ಅಂದರೆ ಪಿಷ್ಟ, ನೀರನ್ನು ಕುಡಿದು ಹಿಗ್ಗಿ ಮೆತ್ತಗಾಗುತ್ತದೆ. ತಣ್ಣಗಾದಾಗ ಆ ಗಂಜಿ ಮತ್ತೆ ಬಿಗಿದುಕೊಳ್ಳಲು ಶುರುವಾಗುತ್ತದೆ. ಈ ಬಿಗಿತ ಅತಿ ಬೇಗ ಆಗುವುದು ಫ್ರಿಜ್‌ನ ತಂಪಿನಲ್ಲಿ, ಅಂದರೆ 4 ಡಿಗ್ರಿಯ ಆಸುಪಾಸಿನಲ್ಲಿ. ಫ್ರೀಜರ್‌ನಲ್ಲಿ ನೀರೇ ಹೆಪ್ಪುಗಟ್ಟಿ ನಿಂತುಬಿಡುವುದರಿಂದ ಬಿಗಿತವೂ ಹೆಚ್ಚು ಕಡಿಮೆ ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಚೆನ್ನಾಗಿ ಹಬೆ ಕೊಟ್ಟರೆ ಮಾಡಿದ ದಿನದ ಮೆದು ವಾಪಸ್ ಬರುತ್ತದೆ.

ಇದರಿಂದ ಎರಡು ವಿಷಯ ನೆನಪಿಡಬೇಕು. ಅಕ್ಕಿ ತಿಂಡಿಯನ್ನು "ಇವತ್ತು ಫ್ರಿಜ್‌ನಲ್ಲಿ ಇರಲಿ, ನಾಳೆ ಫ್ರೀಜರ್‌ಗೆ ಹಾಕೋಣ" ಅಂತ ಬಿಡಬೇಡಿ. ಹಾಗೇ ರಾತ್ರಿಯಿಡೀ ಫ್ರಿಜ್‌ನಲ್ಲಿ ಕರಗಿಸಲೂ ಬೇಡಿ. ಫ್ರೀಜರ್‌ನಿಂದ ತೆಗೆದದ್ದು ನೇರ ಹಬೆಗೆ ಹೋಗಬೇಕು. ನಾನು ಮೊದಲ ವರ್ಷ ರಾತ್ರಿಯೇ ಕೆಳಗೆ ತೆಗೆದಿಡುತ್ತಿದ್ದೆ. ಬೆಳಿಗ್ಗೆ ಕಡುಬಿನ ಅಂಚೆಲ್ಲ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತಿತ್ತು. ಕಾರಣ ಗೊತ್ತಾಗಲು ತುಂಬಾ ದಿನ ಹಿಡಿಯಿತು.

ಗೋಧಿ ತಿಂಡಿಗೆ ಈ ತೊಂದರೆ ಕಡಿಮೆ. ಬೆಲ್ಲ, ತುಪ್ಪ ಎರಡೂ ಮೆದು ಉಳಿಸುತ್ತವೆ. ಮಳೆಗಾಲದಲ್ಲಿ ಬೆಲ್ಲದ ಅಚ್ಚು ತಾನೇ ಬೆವರುವುದನ್ನು ನೋಡಿರುತ್ತೀರಿ. ಗಾಳಿಯ ನೀರನ್ನು ಎಳೆದುಕೊಳ್ಳುವ ಅದೇ ಗುಣ ಒಬ್ಬಟ್ಟಿನೊಳಗೆ ತೇವ ಹಿಡಿದಿಡುತ್ತದೆ.

ಮೊದಲ ಸಲ ಮಾಡುವವರಿಗೆ ಸುಲಭದ್ದು ಯಾವುದು?

ಬೆಲ್ಲದ ದೋಸೆ. ಕೆಡುವುದಕ್ಕೆ ಕಷ್ಟ, ಬಿಸಿ ಮಾಡುವುದಕ್ಕೆ ಸುಲಭ.

ಎರಡು ಲೋಟ ಗೋಧಿಹಿಟ್ಟು, ಅರ್ಧ ಲೋಟ ಅಕ್ಕಿಹಿಟ್ಟು, 150 ಗ್ರಾಂ ಬೆಲ್ಲ, ಅರ್ಧ ಲೋಟ ಕಾಯಿತುರಿ, ನಾಲ್ಕು ಏಲಕ್ಕಿ, ಒಂದು ಚಿಟಿಕೆ ಉಪ್ಪು. ಬೆಲ್ಲವನ್ನು ಬೆಚ್ಚಗಿನ ನೀರಿನಲ್ಲಿ ಕರಗಿಸಿ ಸೋಸಿ. ಸೋಸದಿದ್ದರೆ ಹಲ್ಲಿಗೆ ಕಲ್ಲು ಸಿಗುತ್ತದೆ. ಎಲ್ಲ ಸೇರಿ ಸುಮಾರು ಎರಡೂವರೆ ಲೋಟ ನೀರು ಹಿಡಿಯುತ್ತದೆ. ಹಿಟ್ಟು ಇಡ್ಲಿ ಹಿಟ್ಟಿಗಿಂತ ಸ್ವಲ್ಪ ತೆಳ್ಳಗಿರಲಿ. ಹತ್ತು ನಿಮಿಷ ಬಿಟ್ಟು, ಕಾವಲಿ ಮೇಲೆ ಸಣ್ಣ ಉರಿಯಲ್ಲಿ, ತುಪ್ಪ ಹಾಕಿ, ಮುಚ್ಚಳ ಮುಚ್ಚಿ ಎರಡೂ ಕಡೆ ಬೇಯಿಸಿ. ಉರಿ ಜಾಸ್ತಿಯಾದರೆ ಬೆಲ್ಲ ಸೀದುಹೋಗುತ್ತದೆ. ಅಂಗೈ ಅಗಲದ ಹನ್ನೆರಡು ದೋಸೆ ಆಗುತ್ತದೆ.

ಫ್ರೀಜರ್‌ಗೆ ಹೋಗುವ ದೋಸೆಯನ್ನು ಗರಿಯಾಗಿ ಮಾಡಬೇಡಿ. ಸ್ವಲ್ಪ ದಪ್ಪ, ಮೆತ್ತಗೆ, ತೆಳು ಕಂದು ಬಣ್ಣ ಬಂದ ಕೂಡಲೇ ತೆಗೆಯಿರಿ. ಉಳಿದ ಬಣ್ಣ ಬಿಸಿ ಮಾಡುವಾಗ ಬರುತ್ತದೆ. ಹಿಟ್ಟನ್ನೇ ಫ್ರೀಜರ್‌ನಲ್ಲಿ ಇಡೋಣ ಅಂತ ಕೆಲವರು ಹೇಳುತ್ತಾರೆ. ಇಟ್ಟು ನೋಡಿದ್ದೇನೆ, ನೀರು ಬೇರೆ ಹಿಟ್ಟು ಬೇರೆ ಆಗುತ್ತದೆ, ದೋಸೆ ಅಂಟುತ್ತದೆ. ಬೇಯಿಸಿದ್ದನ್ನೇ ಇಡಿ.

ಬಾಳೆಹಣ್ಣಿನ ಬನ್ಸ್ ಇಡಬಹುದಾ?

ಕರಿದದ್ದನ್ನು ಇಡಬಹುದು. ಎರಡು ಚೆನ್ನಾಗಿ ಹಣ್ಣಾದ ಪಚ್ಚಬಾಳೆ, ಇಲ್ಲವೇ ನಾಲ್ಕು ಏಲಕ್ಕಿ ಬಾಳೆ. ಎರಡು ಚಮಚ ಸಕ್ಕರೆ, ಮೂರು ಚಮಚ ಮೊಸರು, ಕಾಲು ಚಿಕ್ಕ ಚಮಚ ಸೋಡಾ, ಉಪ್ಪು, ಸ್ವಲ್ಪ ಜೀರಿಗೆ, ಹಿಡಿಯುವಷ್ಟು ಹಿಟ್ಟು. ಕಲಸಿ ಏಳೆಂಟು ಗಂಟೆ ಮುಚ್ಚಿಡಬೇಕು. ನಮ್ಮ ಚಳಿಗೆ ರಾತ್ರಿಯಿಡೀ ಇಟ್ಟರೂ ನಡೆಯುತ್ತದೆ. ಕಡೂರು, ಅರಸೀಕೆರೆ ಕಡೆಯ ಬಿಸಿಲಿಗೆ ಅಷ್ಟು ಹೊತ್ತು ಬೇಡ, ಹುಳಿ ಬಂದುಬಿಡುತ್ತದೆ. ಕಲಸಿದ ಹಿಟ್ಟನ್ನು ಫ್ರೀಜರ್‌ಗೆ ಹಾಕಿದರೆ ಸೋಡಾದ ಕೆಲಸ ಮುಗಿದುಹೋಗಿ ಬನ್ಸ್ ಉಬ್ಬುವುದಿಲ್ಲ.

ಕರಿದ ಬನ್ಸ್ ಎರಡು ಮೂರು ವಾರ ಚೆನ್ನಾಗಿರುತ್ತದೆ. ಆದರೆ ಮೇಲಿನ ಗರಿ ವಾಪಸ್ ಬರುವುದಿಲ್ಲ, ಮೆತ್ತನೆ ಬನ್ ತರಹ ಇರುತ್ತದೆ. ನಮ್ಮ ಮಕ್ಕಳಿಗೆ ಅದೇ ಇಷ್ಟ.

ಇನ್ನೊಂದು ಕೆಲಸದ ವಿಷಯ. ಬಾಳೆಗೊನೆ ಒಂದೇ ಸಲ ಹಣ್ಣಾದಾಗ ಸಿಪ್ಪೆ ಸುಲಿದು, ಕಿವುಚಿ, ಒಂದು ಸಲಕ್ಕೆ ಬೇಕಾದಷ್ಟು ಒಂದೊಂದು ಕವರಿನಲ್ಲಿ ಹಾಕಿಡಿ. ಸಿಪ್ಪೆ ಸಮೇತ ಇಟ್ಟರೆ ಕಪ್ಪು ಕಟ್ಟಿ, ಸುಲಿಯುವಾಗ ಕೈಗೆಲ್ಲ ಅಂಟುತ್ತದೆ.

ಹಲಸಿನ ಹಣ್ಣಿನ ಕಡುಬನ್ನು ಹಣ್ಣಿನ ಕಾಲ ಮುಗಿದ ಮೇಲೂ ತಿನ್ನಬಹುದಾ?

ತಿನ್ನಬಹುದು. ನಾನು ಫ್ರೀಜರ್ ಕೆಲಸ ಶುರು ಮಾಡಿದ್ದೇ ಇದಕ್ಕೋಸ್ಕರ. ಹಲಸು ನಮ್ಮಲ್ಲಿ ಹಣ್ಣಾಗುವುದು ಬೇಸಿಗೆಯ ಕೊನೆಯಿಂದ ಮಳೆ ಜೋರಾಗುವವರೆಗೆ. ಮಳೆ ಕುಡಿದ ಹಣ್ಣು ಸಪ್ಪೆ. ಹಾಗಾಗಿ ಮೊದಲ ಜೋರು ಮಳೆಗೆ ಮುಂಚೆ ಸಿಕ್ಕ ಬಕ್ಕೆ ಹಣ್ಣನ್ನು ಬಿಡಿಸಿ, ಬೀಜ ತೆಗೆದು, ತೊಳೆಗಳನ್ನು ಸಣ್ಣಗೆ ಹೆಚ್ಚಿ, ಎರಡೆರಡು ಲೋಟದ ಕವರ್ ಮಾಡಿ ಇಡುತ್ತೇನೆ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುವುದು ಮರೆಯಬೇಡಿ.

ಕಡುಬು ಮಾಡುವಾಗ ಒಂದು ಲೋಟ ಅಕ್ಕಿ ನಾಲ್ಕು ಗಂಟೆ ನೆನೆಸಿ, ನೀರು ಬಸಿದು, ಎರಡು ಲೋಟ ಹಣ್ಣಿನ ಜೊತೆ ತರಿತರಿಯಾಗಿ ರುಬ್ಬಿ. ನೀರು ಹಾಕಬೇಡಿ, ಹಣ್ಣಿನ ರಸವೇ ಸಾಕು. ಮುಕ್ಕಾಲು ಲೋಟ ಬೆಲ್ಲ, ಅರ್ಧ ಲೋಟ ಕಾಯಿ, ಏಲಕ್ಕಿ, ಉಪ್ಪು. ಹಣ್ಣು ತುಂಬಾ ಸಿಹಿ ಇದ್ದರೆ ಬೆಲ್ಲ ಕಡಿಮೆ ಮಾಡಿ. ಬಾಳೆ ಎಲೆಯನ್ನು ಬೆಂಕಿಯ ಮೇಲೆ ಬಾಡಿಸಿ ಮಡಚಿ ಕಟ್ಟಿ. ಮಳೆಗಾಲದಲ್ಲಾದರೆ ಅರಿಶಿನ ಎಲೆ ಸಿಗುತ್ತದೆ, ಅದರ ಘಮಕ್ಕೆ ಸಾಟಿ ಇಲ್ಲ. ಹಬೆಯಲ್ಲಿ 40 ನಿಮಿಷ.

ಎಲೆ ಬಿಚ್ಚದೆ ಹಾಗೇ ಫ್ರೀಜರ್‌ಗೆ ಇಡಿ. ಎಲೆ ಕಪ್ಪಾಗುತ್ತದೆ, ಅದರಿಂದ ತೊಂದರೆ ಇಲ್ಲ. ಎಲೆಯ ವಾಸನೆ ಒಳಗೇ ಉಳಿಯುತ್ತದೆ, ಕಡುಬು ಒಣಗುವುದೂ ಇಲ್ಲ. ಕಾಫಿ ಕೊಯ್ಲು ನಡೆಯುವ ಡಿಸೆಂಬರ್‌ನಲ್ಲಿ ತವರಿಗೆ ಹೋದಾಗ ಕವರಿನಲ್ಲಿ ಉಳಿಸಿದ್ದ ಹಣ್ಣಿನಿಂದ ಕಡುಬು ಮಾಡಿಕೊಟ್ಟಿದ್ದೆ. ಅಪ್ಪ ಎಲೆ ಬಿಚ್ಚಿ ಮೂಸಿ ನೋಡಿ, "ಈ ಚಳೀಲಿ ಹಲಸು ಎಲ್ಲಿ ಸಿಕ್ತು ಮಗಾ?" ಅಂದರು.

ಬಿಸಿ ಇರುವಾಗಲೇ ಇಡಬೇಕಾ, ಆರಿಸಬೇಕಾ? ಹೇಗೆ ಕಟ್ಟಬೇಕು?

ಆರಿಸಬೇಕು, ಆದರೆ ಬೇಗ. ಕುದಿಯುವ ತಿಂಡಿ ಒಳಗಿಟ್ಟರೆ ಪಕ್ಕದ್ದೆಲ್ಲ ಬೆಚ್ಚಗಾಗುತ್ತದೆ, ಹಬೆ ಐಸ್ ಆಗಿ ತಿಂಡಿ ಮೇಲೇ ಕೂರುತ್ತದೆ. ಹಾಗಂತ ಸಂಜೆವರೆಗೂ ಬಿಡುವ ಹಾಗಿಲ್ಲ. ಒಲೆಯಿಂದ ಇಳಿಸಿದ ಎರಡು ಗಂಟೆಯೊಳಗೆ ಫ್ರೀಜರ್ ಒಳಗೆ ಇರಬೇಕು. ಒಂದರ ಮೇಲೊಂದು ಪೇರಿಸದೆ ಅಗಲ ತಟ್ಟೆಯಲ್ಲೋ ಮೊರದಲ್ಲೋ ಹರಡಿ ಫ್ಯಾನ್ ಕೆಳಗೆ ಇಟ್ಟರೆ ಅರ್ಧ ಗಂಟೆಯಲ್ಲಿ ಆರುತ್ತದೆ.

ಆಮೇಲೆ ಸ್ಟೀಲ್ ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಜೋಡಿಸಿ ಫ್ರೀಜರ್‌ನಲ್ಲಿ ಎರಡು ಗಂಟೆ ಇಡಿ. ಗಟ್ಟಿಯಾದ ಮೇಲೆ ಕವರಿಗೆ ತುಂಬಿ. ಹೀಗೆ ಮಾಡಿದರೆ ಬೇಕಾದಾಗ ಎರಡೇ ಎರಡು ತೆಗೆಯಬಹುದು. ದೋಸೆ, ಒಬ್ಬಟ್ಟಿನ ಮಧ್ಯೆ ಬಟರ್ ಪೇಪರ್ ಅಥವಾ ಬಾಳೆ ಎಲೆ ತುಂಡು ಇಡಿ.

ಕವರಿನಲ್ಲಿ ಗಾಳಿ ಇರಬಾರದು. ಗಾಳಿ ಇದ್ದರೆ ತಿಂಡಿಯ ನೀರು ಒಣಗಿ ಮೇಲೆ ಬಿಳಿ ಕಲೆ ಬೀಳುತ್ತದೆ. ಅದು ಬೂಷ್ಟಲ್ಲ, ತಿಂದರೆ ಏನೂ ಆಗುವುದಿಲ್ಲ, ಆದರೆ ರುಚಿ ಇರುವುದಿಲ್ಲ. ಜಿಪ್ ಕವರ್ ಮುಚ್ಚುವಾಗ ಒಂದು ಮೂಲೆ ಬಿಟ್ಟು, ಕೈಯಿಂದ ಒತ್ತಿ ಗಾಳಿ ತೆಗೆದು ಮುಚ್ಚಿ. ಒಣಮೀನು, ಮಾಂಸ ಇಡುವ ಫ್ರೀಜರ್ ಆದರೆ ಎರಡು ಕವರ್ ಹಾಕಿ, ಸ್ಟೀಲ್ ಡಬ್ಬಿಯೊಳಗೆ ಇಡಿ. ತುಪ್ಪ ಯಾವ ವಾಸನೆಯನ್ನೂ ಬೇಗ ಹೀರಿಕೊಳ್ಳುತ್ತದೆ. ತೆಳು ಹಾಲಿನ ಕವರು, ಅಂಗಡಿಯ ಕ್ಯಾರಿ ಬ್ಯಾಗ್ ಬೇಡವೇ ಬೇಡ. ಮೇಲೆ ಹೆಸರು, ದಿನಾಂಕ ಬರೆಯಿರಿ. ಗಟ್ಟಿಯಾದ ಮೇಲೆ ಸೌತೆಕಾಯಿ ಕಡುಬು ಯಾವುದು, ಹಲಸಿನದ್ದು ಯಾವುದು ಮಾಡಿದವರಿಗೂ ಗೊತ್ತಾಗುವುದಿಲ್ಲ.

ಬೆಳಿಗ್ಗೆ ಬಿಸಿ ಮಾಡುವುದು ಹೇಗೆ?

ಕಡುಬಿಗೆ ಇಡ್ಲಿ ಪಾತ್ರೆ. ನೀರು ಚೆನ್ನಾಗಿ ಕುದಿ ಬಂದ ಮೇಲೆ ಗಟ್ಟಿ ಕಡುಬನ್ನೇ ಇಟ್ಟು 15 ನಿಮಿಷ, ಎಲೆಯಲ್ಲಿ ಇರುವ ದೊಡ್ಡದಕ್ಕೆ 20 ನಿಮಿಷ. ಚಿಕ್ಕಮಗಳೂರು ಸಮುದ್ರ ಮಟ್ಟದಿಂದ ಸಾವಿರ ಮೀಟರ್‌ಗೂ ಮೇಲೆ ಇದೆ. ಇಲ್ಲಿ ನೀರು 100 ಡಿಗ್ರಿಗೆ ಮುಂಚೆಯೇ, ಸುಮಾರು 96, 97 ಡಿಗ್ರಿಗೆ ಕುದಿಯುತ್ತದೆ. ಮಂಗಳೂರಿನವರು ಹೇಳಿದ ಸಮಯಕ್ಕೆ ಇಲ್ಲಿ ಎರಡು ನಿಮಿಷ ಜಾಸ್ತಿ ಸೇರಿಸಿ. ಒಂದನ್ನು ಮುರಿದು ನಡುವೆ ಬೆರಳಿಡಿ. ಬೆರಳು ಸುಟ್ಟಂತೆ ಆಗಬೇಕು. ಹೊರಗೆ ಬಿಸಿ, ಒಳಗೆ ತಣ್ಣಗೆ ಇದ್ದರೆ ಮತ್ತೆ ಮುಚ್ಚಿ.

ದೋಸೆ, ಒಬ್ಬಟ್ಟಿಗೆ ಕಾವಲಿ. ಸಣ್ಣ ಉರಿ, ಮೊದಲು ಒಂದು ಚಮಚ ನೀರು ಚಿಮುಕಿಸಿ ಮುಚ್ಚಳ, ಎರಡು ನಿಮಿಷ ಆದ ಮೇಲೆ ಮುಚ್ಚಳ ತೆಗೆದು ತುಪ್ಪ. ಈ ತುಪ್ಪಕ್ಕೆ ಒಂದು ಚಿಟಿಕೆ ಏಲಕ್ಕಿ ಪುಡಿ ಸೇರಿಸಿ ನೋಡಿ. ಫ್ರೀಜರ್‌ನಲ್ಲಿ ಸ್ವಲ್ಪ ಮಂಕಾದ ಘಮ ಮತ್ತೆ ಏಳುತ್ತದೆ. ಬನ್ಸ್‌ಗೂ ಹೀಗೇ, ಆದರೆ ಮುಚ್ಚಿ ಐದಾರು ನಿಮಿಷ. ಮೈಕ್ರೋವೇವ್ ಆದರೆ ಒದ್ದೆ ಬಟ್ಟೆ ಹೊದಿಸಿ ಅರ್ಧರ್ಧ ನಿಮಿಷ ಬಿಟ್ಟು ತಿರುವಿ ಹಾಕಿ. ಒಳಗಿನ ಬೆಲ್ಲದ ಹೂರಣ ಹೊರಗಿನದಕ್ಕಿಂತ ಬೇಗ, ಜಾಸ್ತಿ ಕಾಯುತ್ತದೆ. ಚಿಕ್ಕ ಮಕ್ಕಳ ನಾಲಿಗೆ ಸುಡುತ್ತದೆ, ಒಡೆದು ಆರಿಸಿ ಕೊಡಿ.

ಮಳೆಗಾಲದಲ್ಲಿ ಕರೆಂಟ್ ಹೋದರೆ?

ಮಲೆನಾಡಿನಲ್ಲಿ ಇರುವವರಿಗೆ ಇದೇ ದೊಡ್ಡ ಪ್ರಶ್ನೆ. ಒಂದು ಆಷಾಢದಲ್ಲಿ ನಾನು ತವರಿನಲ್ಲಿ ಅಮ್ಮನ ಜೊತೆ ಕೂತು ನಲವತ್ತು ಕಡುಬು ಮಾಡಿ ಅವರ ಫ್ರೀಜರ್‌ಗೆ ತುಂಬಿ ಬಂದಿದ್ದೆ. ಗಾಳಿಗೆ ಮರ ಬಿದ್ದು ತಂತಿ ಹರಿಯಿತು. ಮೂರು ದಿನ ಕರೆಂಟ್ ಇಲ್ಲ. ಅಷ್ಟನ್ನೂ ಗೊಬ್ಬರದ ಗುಂಡಿಗೆ ಹಾಕಬೇಕಾಯಿತು. ಅಮ್ಮ ಹಾಕುವಾಗ ಒಂದು ಮಾತೂ ಆಡಲಿಲ್ಲ. ಅದನ್ನು ನೆನೆದರೆ ಈಗಲೂ ಸಂಕಟ.

ಆಮೇಲೆ ಕಲಿತದ್ದು ಇಷ್ಟು. ಬಾಗಿಲು ತೆಗೆಯದೆ ಇದ್ದರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ ತಂಪು ಹಿಡಿಯುತ್ತದೆ, ಅರ್ಧ ತುಂಬಿದ್ದು 24 ಗಂಟೆ. ಇದು ಬೇರೆ ಬಾಗಿಲು ಇರುವ ಫ್ರೀಜರ್‌ನ ಲೆಕ್ಕ. ಒಂದೇ ಬಾಗಿಲಿನ ಐಸ್ ಪೆಟ್ಟಿಗೆಗೆ ಅಷ್ಟು ಹೊತ್ತು ನಂಬಬೇಡಿ. ಕೆಳಗಿನ ಫ್ರಿಜ್ ನಾಲ್ಕೇ ಗಂಟೆ. ಜಾಗ ಖಾಲಿ ಇದ್ದರೆ ಪ್ಲಾಸ್ಟಿಕ್ ಬಾಟಲಿಗಳಲ್ಲಿ ಮುಕ್ಕಾಲು ನೀರು ತುಂಬಿ ಇಟ್ಟುಬಿಡಿ. ಪೂರ್ತಿ ತುಂಬಿದರೆ ಬಾಟಲಿ ಒಡೆಯುತ್ತದೆ. ಗಾಜಿನದ್ದು ಬೇಡ.

ಊರಿಗೆ ಹೋದಾಗ ಕರೆಂಟ್ ಹೋಗಿ ಬಂದದ್ದು ಗೊತ್ತಾಗುವುದು ಹೇಗೆ? ಒಂದು ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ, ಐಸ್ ಮೇಲೆ ಒಂದು ನಾಣ್ಯ ಇಟ್ಟು ಫ್ರೀಜರ್‌ನಲ್ಲಿ ಬಿಡಿ. ವಾಪಸ್ ಬಂದಾಗ ನಾಣ್ಯ ಮೇಲೇ ಇದ್ದರೆ ಸರಿ. ತಳದಲ್ಲಿ ಇದ್ದರೆ ನಡುವೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ಆಗ ತಿಂಡಿ ನೋಡಲು ಎಷ್ಟೇ ಚೆನ್ನಾಗಿದ್ದರೂ ಎಸೆಯಿರಿ.

ಕರೆಂಟ್ ಬಂದಾಗ ತಿಂಡಿಯಲ್ಲಿ ಇನ್ನೂ ಐಸ್ ಹರಳು ಇದ್ದು ಗಟ್ಟಿಯಾಗಿ ಇದ್ದರೆ ಉಳಿಸಿಕೊಳ್ಳಬಹುದು, ಬೇಗ ತಿಂದು ಮುಗಿಸಿ. ಮೆತ್ತಗಾಗಿ ತಂಪು ಬಿಟ್ಟು ಎರಡು ಗಂಟೆ ಆಗಿದ್ದರೆ ಬೇಡ. ಮೂಸಿ ನೋಡಿ ತೀರ್ಮಾನ ಮಾಡಬೇಡಿ, ಕೆಟ್ಟದ್ದಕ್ಕೆಲ್ಲ ವಾಸನೆ ಬರುವುದಿಲ್ಲ. ಈಗ ನಾನು ಜೂನ್‌ನಿಂದ ಆಗಸ್ಟ್‌ವರೆಗೆ ಒಂದು ವಾರಕ್ಕೆ ಆಗುವಷ್ಟು ಮಾತ್ರ ಇಡುತ್ತೇನೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಇರುವವರಿಗೂ ಅದನ್ನೇ ಹೇಳುತ್ತೇನೆ. ಹಾಸನ ಪೇಟೆಯಲ್ಲೋ ಕಡೂರಿನಲ್ಲೋ ಇರುವವರಿಗೆ ಇಷ್ಟು ಭಯ ಇಲ್ಲ.

ಒತ್ತು ಶಾವಿಗೆ ಮತ್ತು ಕಾಯಿಹಾಲು?

ಶಾವಿಗೆ ಇಡಬಹುದು, ಕಾಯಿಹಾಲು ಬೇಡ. ಕಾಯಿಹಾಲನ್ನು ಹೆಪ್ಪುಗಟ್ಟಿಸಿದರೆ ಅದರ ಎಣ್ಣೆಯ ಅಂಶ ನೀರಿನಿಂದ ಬೇರೆಯಾಗುತ್ತದೆ, ಕರಗಿದಾಗ ಒಡೆದ ಹಾಲಿನಂತೆ ಕಾಣುತ್ತದೆ. ಅದರ ಬದಲು ಕಾಯಿತುರಿಯನ್ನು ಒಂದೊಂದು ಲೋಟದ ಕವರ್ ಮಾಡಿಡಿ. ತುರಿ ತುಂಬಾ ಚೆನ್ನಾಗಿ ಉಳಿಯುತ್ತದೆ. ಬೆಳಿಗ್ಗೆ ಬಿಸಿನೀರು ಹಾಕಿ ರುಬ್ಬಿ ಹಿಂಡಿ, ಬೆಲ್ಲ ಏಲಕ್ಕಿ ಸೇರಿಸಿದರೆ ಐದು ನಿಮಿಷದಲ್ಲಿ ಕಾಯಿಹಾಲು. ಅರಸೀಕೆರೆ ಕಡೆಯಿಂದ ಯಾರಾದರೂ ತೆಂಗಿನಕಾಯಿ ಮೂಟೆ ತಂದುಕೊಟ್ಟಾಗ ನಾನು ಒಂದು ಮಧ್ಯಾಹ್ನ ಕೂತು ಹತ್ತು ಕಾಯಿ ತುರಿದು ಮುಗಿಸುತ್ತೇನೆ. ತುರಿಯುವ ಮುಂಚೆ ಪ್ರತಿ ಕಾಯಿಯನ್ನೂ ಒಂದು ಚೂರು ತಿಂದು ನೋಡಿ. ಒಂದು ಮುಗ್ಗಲು ಕಾಯಿ ಎಲ್ಲವನ್ನೂ ಹಾಳು ಮಾಡುತ್ತದೆ.

ಶಾವಿಗೆಯನ್ನು ಚಿಕ್ಕ ಚಿಕ್ಕ ಉಂಡೆಯಾಗಿ ಸುತ್ತಿ ಇಡಿ. ಹಬೆಯಲ್ಲಿ ಎಂಟು ನಿಮಿಷ ಸಾಕು.

ಎಷ್ಟು ದಿನ ಇಡಬಹುದು?

ಮೈನಸ್ 18 ನಿಲ್ಲುವ ಫ್ರೀಜರ್‌ನಲ್ಲಿ ತಿಂಡಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಕಡಿಮೆಯಾಗುವುದು ರುಚಿ. ನನ್ನ ಲೆಕ್ಕ: ಒಬ್ಬಟ್ಟು, ಬೆಲ್ಲದ ದೋಸೆ, ಕೇಸರಿಬಾತ್ ಒಂದು ತಿಂಗಳು, ಕಡುಬು, ಬನ್ಸ್, ಶಾವಿಗೆ ಎರಡರಿಂದ ಮೂರು ವಾರ, ಹಲಸಿನ ತೊಳೆ ಆರು ತಿಂಗಳು.

ಕರಗಿದ ಮೇಲೆ ಉಳಿದದ್ದನ್ನು ಮತ್ತೆ ಫ್ರೀಜರ್‌ಗೆ ಇಡಬಹುದಾ?

ಬೇಡ. ಬಿಸಿ ಮಾಡಿದ್ದು ಅವತ್ತೇ ಮುಗಿಯಬೇಕು. ಬೇಕಾದಷ್ಟೇ ತೆಗೆಯಿರಿ.

ಚಿಕ್ಕ ಮಕ್ಕಳಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಕೊಡಬಹುದಾ?

ಎರಡು ವರ್ಷದೊಳಗಿನ ಮಕ್ಕಳಿಗೆ ಸಕ್ಕರೆ, ಬೆಲ್ಲ ಹಾಕದಿರುವುದೇ ಒಳ್ಳೆಯದು ಎಂದು ಮಕ್ಕಳ ಡಾಕ್ಟರುಗಳು ಹೇಳುತ್ತಾರೆ. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ಕೊಡಲೇಬಾರದು. ಆ ಮಕ್ಕಳಿಗೆ ಬಾಳೆಹಣ್ಣು ಕಿವುಚಿ, ಬೆಲ್ಲ ಇಲ್ಲದೆ ರಾಗಿ ದೋಸೆ ಮಾಡಿ ಇಡಿ. ಹಣ್ಣಿನ ಸಿಹಿ ಅವರಿಗೆ ಸಾಕು.

ದೊಡ್ಡವರ ವಿಷಯ. "ಬೆಲ್ಲ ಅಲ್ವಾ, ಏನಾಗಲ್ಲ" ಅನ್ನುವ ಮಾತು ನಮ್ಮಲ್ಲಿ ಜಾಸ್ತಿ. ಬೆಲ್ಲವೂ ಸಕ್ಕರೆಯೇ. ದಿನಕ್ಕೆ 2,000 ಕ್ಯಾಲರಿ ತಿನ್ನುವವರು ಸೇರಿಸಿದ ಸಿಹಿಯನ್ನು 50 ಗ್ರಾಂ ಒಳಗೆ, ಸಾಧ್ಯವಾದರೆ 25 ಗ್ರಾಂ ಒಳಗೆ ಇಟ್ಟುಕೊಳ್ಳಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯ ಲೆಕ್ಕ. ಮೇಲೆ ಹೇಳಿದ ಅಳತೆಯಲ್ಲಿ ಒಂದು ದೋಸೆಗೆ ಹನ್ನೆರಡೂವರೆ ಗ್ರಾಂ ಬೆಲ್ಲ ಬೀಳುತ್ತದೆ. ಎರಡು ತಿಂದರೆ 25 ಗ್ರಾಂ ಅಲ್ಲೇ ಮುಗಿಯಿತು. ಈ ಲೆಕ್ಕ ಹಾಕಿ ನೋಡಿದ ಮೇಲೆ ನಾನೇ ಬೆಲ್ಲವನ್ನು 100 ಗ್ರಾಂಗೆ ಇಳಿಸಿ, ಒಂದು ಬಾಳೆಹಣ್ಣು ಸೇರಿಸುತ್ತಿದ್ದೇನೆ. ಮಕ್ಕಳಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ವಾರದಲ್ಲಿ ಎರಡು ದಿನ ಮಾತ್ರ ಸಿಹಿ ತಿಂಡಿ, ಉಳಿದ ದಿನ ಅಕ್ಕಿರೊಟ್ಟಿ, ಉಪ್ಪಿಟ್ಟು. ನಮ್ಮ ಮಾವನಿಗೆ ಸಕ್ಕರೆ ಕಾಯಿಲೆ ಇದೆ. ಅವರಿಗೆ ಡಾಕ್ಟರು ಹೇಳಿದ ಊಟವೇ, ಇದರಲ್ಲಿ ಪಾಲು ಇಡುವುದಿಲ್ಲ.

ಮಕ್ಕಳು ಪ್ಯಾನ್‌ಕೇಕ್, ಮಫಿನ್ ಕೇಳುತ್ತಾರೆ. ಅವೂ ಹೀಗೇ ಇಡಬಹುದಾ?

ಎರಡೂ ಫ್ರೀಜರ್‌ಗೆ ಹೇಳಿ ಮಾಡಿಸಿದಂಥ ತಿಂಡಿಗಳು. ರಾಗಿ ಮತ್ತು ಗೋಧಿಹಿಟ್ಟು ಸಮಸಮ ಹಾಕಿ, ಬಾಳೆಹಣ್ಣು ಸೇರಿಸಿ ಮಾಡಿದ ಪ್ಯಾನ್‌ಕೇಕ್ ನಮ್ಮ ಮನೆಯಲ್ಲೂ ಇರುತ್ತದೆ. ಬರೀ ರಾಗಿಯಲ್ಲಿ ಮಾಡಿದರೆ ಬಿಸಿ ಮಾಡುವಾಗ ಪುಡಿಯಾಗುತ್ತದೆ. ಮಫಿನ್‌ಗೆ ಬೆಣ್ಣೆಯ ಬದಲು ಎಣ್ಣೆ ಹಾಕಿದರೆ ತಣ್ಣಗಾದಾಗಲೂ ಮೆತ್ತಗಿರುತ್ತದೆ. ಮಫಿನ್ ಒಂದನ್ನು ರಾತ್ರಿ ಹೊರಗೆ ತೆಗೆದಿಡುವ ಬದಲು ಬೆಳಿಗ್ಗೆ ಎದ್ದ ಕೂಡಲೇ ತೆಗೆಯಿರಿ. ಮಕ್ಕಳು ಸ್ನಾನ ಮುಗಿಸುವಷ್ಟರಲ್ಲಿ ಸರಿಹೋಗುತ್ತದೆ.

ಒಂದು ಭಾನುವಾರಕ್ಕೆ ಎಷ್ಟು ಮಾಡಬೇಕು?

ಒಂದೇ ತಿಂಡಿ ಮಾಡಿ. ಐದು ತರಹ ಮಾಡಲು ಹೋಗಿ ಭಾನುವಾರವೆಲ್ಲ ಒಲೆ ಮುಂದೆ ಕಳೆದರೆ ಮುಂದಿನ ವಾರ ಯಾರಿಗೂ ಮನಸ್ಸಾಗುವುದಿಲ್ಲ. ಹೇಗೂ ಭಾನುವಾರ ತಿಂಡಿ ಮಾಡಲೇಬೇಕಲ್ಲ. ಅದನ್ನೇ ಎರಡರಷ್ಟು ಮಾಡಿ. ಕಾವಲಿ ಕಾದಿರುತ್ತದೆ, ಕೈ ಹಿಟ್ಟಾಗಿರುತ್ತದೆ, ಇನ್ನರ್ಧ ಗಂಟೆ ಸಾಕು. ಈ ವಾರ ದೋಸೆ, ಮುಂದಿನ ವಾರ ಕಡುಬು ಅಂತ ಮಾಡಿದರೆ ತಿಂಗಳಿಗೆ ನಾಲ್ಕು ತರಹ ತಾನಾಗಿ ಸೇರುತ್ತದೆ. ಮನೆಯವರೂ ಮಕ್ಕಳೂ ಆರಿಸುವುದು, ಕವರ್ ಕಟ್ಟುವುದು ಮಾಡಲಿ. ದಿನಾಂಕ ಬರೆಯುವುದು ನಮ್ಮ ಮಗಳ ಕೆಲಸ, ಅವಳು ಯಾರಿಗೂ ಬಿಡುವುದಿಲ್ಲ.

ಬೆಂಗಳೂರಿನಲ್ಲಿ ಇರುವ ಮಕ್ಕಳಿಗೆ ಬಸ್ಸಿನಲ್ಲಿ ಕಳಿಸಬಹುದಾ?

ಒಬ್ಬಟ್ಟು, ಬೆಲ್ಲದ ದೋಸೆ ಕಳಿಸಬಹುದು. ಇಲ್ಲಿಂದ ಬಸ್ಸಿಗೆ ಐದಾರು ಗಂಟೆ. ಹಿಂದಿನ ರಾತ್ರಿಯೇ ಕಲ್ಲಿನಂತೆ ಗಟ್ಟಿಯಾಗಿರಬೇಕು. ಕವರನ್ನು ನಾಲ್ಕೈದು ಪದರ ನ್ಯೂಸ್‌ಪೇಪರ್‌ನಲ್ಲಿ ಸುತ್ತಿ, ಥರ್ಮೋಕೋಲ್ ಡಬ್ಬಿಯಲ್ಲಿ ಸಂದಿ ಇಲ್ಲದಂತೆ ತುಂಬಿ, ಮೇಲೊಂದು ಕೆಳಗೊಂದು ಐಸ್ ಬಾಟಲಿ ಇಟ್ಟು ಟೇಪ್ ಹಾಕಿ. ನ್ಯೂಸ್‌ಪೇಪರ್ ತಿಂಡಿಗೆ ನೇರ ತಾಗಬಾರದು, ಅದರ ಮಸಿ ಒಳ್ಳೆಯದಲ್ಲ. ಬೆಳಗಿನ ಮೊದಲ ಬಸ್ಸಿನಲ್ಲಿ ಯಾರಾದರೂ ಗುರುತಿನವರು ಹೋಗುತ್ತಿದ್ದರೆ ಅವರ ಕೈಗೆ ಕೊಡಿ. ಎಂಜಿನ್ ಪಕ್ಕ, ಬಿಸಿಲು ಬೀಳುವ ಕಿಟಕಿ ಪಕ್ಕ ಬೇಡ ಅಂತ ಹೇಳಿ. ಕಡುಬು ಕಳಿಸಬೇಡಿ. ಅದು ದಾರಿಯಲ್ಲಿ ಅರ್ಧ ಕರಗಿದರೆ ಅಕ್ಕಿಯ ತೊಂದರೆ ಎಲ್ಲ ಶುರುವಾಗುತ್ತದೆ.

ತಲುಪಿದ ಕೂಡಲೇ ಡಬ್ಬಿ ತೆಗೆದು ಮುಟ್ಟಿ ನೋಡಲು ಅವರಿಗೆ ಹೇಳಿ. ತಣ್ಣಗೆ ಕೊರೆಯುತ್ತಿದ್ದರೆ ಫ್ರಿಜ್‌ಗೆ ಹಾಕಿ ಎರಡು ದಿನದಲ್ಲಿ ತಿನ್ನಲಿ. ನನ್ನ ಅಣ್ಣನ ಮಗಳು ಪಿ.ಜಿ.ಯಲ್ಲಿ ಇದ್ದಾಳೆ, ಕಾವಲಿ ಇಲ್ಲ. ಚಿಕ್ಕ ಪಾತ್ರೆಯಲ್ಲಿ ನೀರು ಕುದಿಸಿ, ಮೇಲೆ ಸ್ಟೀಲ್ ತಟ್ಟೆ ಇಟ್ಟು, ಅದರಲ್ಲಿ ಒಬ್ಬಟ್ಟು ಹಾಕಿ ಇನ್ನೊಂದು ತಟ್ಟೆ ಮುಚ್ಚುತ್ತಾಳೆ. ಹತ್ತು ನಿಮಿಷಕ್ಕೆ ಬಿಸಿಯಾಗುತ್ತದಂತೆ. ತುಪ್ಪದ ಬಾಟಲಿ ಮಾತ್ರ ನಾನು ಬೇರೆ ಕಳಿಸಬೇಕು ಅಂತ ಪ್ರತಿ ಸಲ ಫೋನ್ ಮಾಡಿ ನೆನಪಿಸುತ್ತಾಳೆ.